ಅರಳು ಮರಳು ಮತ್ತು ಪ್ರೋಟೀನಿನ ತುಣುಕು

'ಅರವತ್ತಕ್ಕೆ ಅರಳು ಮರಳು' ಎಂಬುದು ನಮ್ಮಲ್ಲಿ ಮಕ್ಕಳೂ ಬಲ್ಲ ಮಾತು. ಗಾದೆಗಳಲ್ಲಿ ಜನರ ಅನುಭವದ ಸಾರವಿರುತ್ತದೆ, ನಿಜ. ಆದರೆ ಈ ಒಂದು ಗಾದೆಯಿಂದ ನಮ್ಮ ಹಿರಿಯರಿಗೆ ಆಗಿರುವ ಹಾನಿ ಸ್ವಲ್ಪವಲ್ಲ. ಮರೆವು ಮುಪ್ಪಿನ ಒಡಹುಟ್ಟೆಂದು ಒಮ್ಮೆ ಒಪ್ಪಿಕೊಂಡ ಮೇಲೆ ಅದಕ್ಕೊಂದು ಕಾರಣವಿರಬಹುದೆಂದು ಯಾರೂ ಕೇಳಹೋಗುವುದಿಲ್ಲ.

ಬೀದರ ಜಿಲ್ಲೆಯಲ್ಲಿ ಹುಮನಾಬಾದಿನ ಕಡೆಯ ಕೊಡಂಬಲದಂಥ ಒಂದು ಊರನ್ನು ಮನಸ್ಸಿಗೆ ತಂದುಕೊಳ್ಳೋಣ. ಅಲ್ಲಿ ಎಂಬತ್ತೈದು ದಾಟಿದ ಅಜ್ಜನೊಬ್ಬನಿದ್ದಾನೆನ್ನಿ. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯವು ಹೈದರಾಬಾದು ಸಂಸ್ಥಾನವನ್ನು ಹೊಕ್ಕಾಗ ಅವನಿನ್ನೂ ಹುಡುಗ. ಆ ದಿನಗಳ ಭಯವನ್ನು, ರಾತ್ರಿಯ ನಿಶ್ಶಬ್ದವನ್ನು, ಯಾರು ಯಾರು ಯಾವ ಊರಿಗೆ ಹೊರಟುಹೋದರೆಂಬುದನ್ನು ಅವನು ಇಂದಿಗೂ ಬಿಡಿಸಿ ಬಿಡಿಸಿ ಹೇಳಬಲ್ಲ. ಆದರೆ ಮುಂಜಾನೆ ರೊಟ್ಟಿ ತಿಂದೆಯಾ ಎಂದು ಕೇಳಿದರೆ ಉತ್ತರಕ್ಕೆ ತಡವರಿಸುತ್ತಾನೆ. ತಿಂದು ಅರ್ಧ ಗಂಟೆ ಕಳೆಯುವುದರೊಳಗೆ 'ನನಗಿನ್ನೂ ಉಣ್ಣಲು ಕೊಟ್ಟಿಲ್ಲ' ಎಂದು ಸೊಸೆಯೊಡನೆ ಸಿಟ್ಟಾಗುತ್ತಾನೆ. ಎಪ್ಪತ್ತು ವರ್ಷಗಳಿಗೂ ಹಿಂದಿನದು ನೆನಪಿದೆ, ಈ ಹೊತ್ತಿನದು ಇಲ್ಲ! ಅಜ್ಜ ಬೇಕೆಂದೇ ಹೀಗೆ ಮಾಡುತ್ತಿದ್ದಾನೆಂದು ಮನೆಯವರು ತಿಳಿದರೆ ಆಶ್ಚರ್ಯವಿಲ್ಲ.

ಇಂಥ ಅಜ್ಜ ಅಜ್ಜಿಯರು ನಮ್ಮ ದೇಶದಲ್ಲಿ ಎಷ್ಟು ಮಂದಿ? 2023ರಲ್ಲಿ ಪ್ರಕಟವಾದ ಅಖಿಲ ಭಾರತ ಅಧ್ಯಯನವೊಂದರ ಪ್ರಕಾರ, ಅರವತ್ತು ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನವರಲ್ಲಿ ನೂರಕ್ಕೆ 7.4 ಮಂದಿ, ಅಂದರೆ ಸುಮಾರು 88 ಲಕ್ಷ ಜನ, ಡಿಮೆನ್ಷಿಯ ಎಂಬ ಮರೆವಿನ ರೋಗಕ್ಕೆ ಒಳಗಾಗಿದ್ದಾರೆ. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಇದೇ ಲೆಕ್ಕವನ್ನು ತಿರುಗಿಸಿ ಓದಿದರೆ, ನೂರರಲ್ಲಿ 92ಕ್ಕೂ ಹೆಚ್ಚು ಹಿರಿಯರಿಗೆ ಈ ರೋಗವಿಲ್ಲ. ಮುಪ್ಪೇ ಕಾರಣವಾಗಿದ್ದರೆ ಎಲ್ಲರಿಗೂ ಬರಬೇಕಾಗಿತ್ತಲ್ಲವೆ? ಆದುದರಿಂದ ಬೇರೆ ಕಾರಣವನ್ನು ಹುಡುಕಬೇಕಾಗುತ್ತದೆ. ಡಿಮೆನ್ಷಿಯಕ್ಕೆ ಹಲವು ಮೂಲಗಳುಂಟು. ಮಿದುಳಿನ ರಕ್ತನಾಳಗಳು ಕೆಟ್ಟುಹೋಗುವುದು ಅವುಗಳಲ್ಲಿ ಒಂದು. ಇಲ್ಲಿ ನಾವು ಎಲ್ಲಕ್ಕಿಂತ ಸಾಮಾನ್ಯವಾದ ಆಲ್ಜೈಮರ್ ರೋಗವನ್ನು ಮಾತ್ರ ವಿಚಾರಕ್ಕೆ ತೆಗೆದುಕೊಳ್ಳುತ್ತೇವೆ.

ಆಲೋಯಿಸ್ ಆಲ್ಜೈಮರ್ ಜರ್ಮನಿಯ ವೈದ್ಯ. ಐವತ್ತರ ಆಸುಪಾಸಿನಲ್ಲಿಯೇ ಮರೆವಿಗೆ ತುತ್ತಾಗಿ 1906ರಲ್ಲಿ ತೀರಿಕೊಂಡ ಒಬ್ಬ ಮಹಿಳೆಯ ಮಿದುಳನ್ನು ಆತ ತೆಳುವಾಗಿ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿಯಲ್ಲಿ ನೋಡಿದ. ಎರಡು ವಿಕಾರಗಳು ಕಂಡುವು. ನರಕೋಶಗಳ ಹೊರಗೆ ಅಲ್ಲಲ್ಲಿ ಯಾವುದೋ ಪದಾರ್ಥವು ಚಕ್ಕೆಗಳಂತೆ ಗಟ್ಟಿಯಾಗಿ ಕುಳಿತಿದ್ದಿತು. ಕೋಶಗಳ ಒಳಗೆ ಎಳೆಗಳು ಸಿಕ್ಕುಸಿಕ್ಕಾಗಿದ್ದುವು. ಒಳಗಿನ ಸಿಕ್ಕು ಟೌ ಎಂಬ ಪ್ರೋಟೀನಿನದೆಂದು ಈಗ ತಿಳಿದಿದೆ. ಅದರ ಕಥೆಯೇ ಬೇರೊಂದು ಲೇಖನಕ್ಕಾಗುವಷ್ಟು ದೊಡ್ಡದು. ಹೊರಗಿನ ಚಕ್ಕೆಯ ಪದಾರ್ಥಕ್ಕೆ ಅಮಿಲಾಯಿಡ್ ಎಂದು ಹೆಸರು.

ಈ ಹೆಸರು ಒಂದು ತಪ್ಪಿನಿಂದ ಹುಟ್ಟಿತು. ಪಿಷ್ಟಕ್ಕೆ ಅಯೋಡಿನ್ ಹಾಕಿದರೆ ನೀಲಿಯಾಗುವುದನ್ನು ವಿದ್ಯಾರ್ಥಿಗಳು ಶಾಲೆಯ ಪ್ರಯೋಗಶಾಲೆಯಲ್ಲಿ ಕಂಡಿರುತ್ತಾರೆ. ದೇಹದಲ್ಲಿ ಶೇಖರವಾಗುವ ಇಂಥ ಒಂದು ಪದಾರ್ಥವೂ ಅಯೋಡಿನ್ನಿಗೆ ಪಿಷ್ಟದಂತೆಯೇ ಬಣ್ಣ ತಿರುಗುವುದನ್ನು ನೋಡಿ, ಜರ್ಮನಿಯ ವಿರ್ಷೋ ಎಂಬ ಮಹಾವಿಜ್ಞಾನಿ 1854ರಲ್ಲಿ ಅದನ್ನು 'ಪಿಷ್ಟದಂಥದು' ಎಂಬ ಅರ್ಥದಲ್ಲಿ ಅಮಿಲಾಯಿಡ್ ಎಂದು ಕರೆದ. ಐದೇ ವರ್ಷಗಳಲ್ಲಿ ಅದು ಪಿಷ್ಟವಲ್ಲ, ಪ್ರೋಟೀನು ಎಂದು ಗೊತ್ತಾಯಿತು. ಹೆಸರು ಮಾತ್ರ ಉಳಿದುಕೊಂಡಿತು.

ಪ್ರೋಟೀನು ನಮಗೆ ಹೊಸದೇನಲ್ಲ. ಕೊಡಂಬಲದ ಸುತ್ತಿನ ಸೀಮೆಯಲ್ಲಿ ಹುಲುಸಾಗಿ ಬೆಳೆಯುವ ತೊಗರಿಯ ಬೇಳೆಯಲ್ಲಿ ಅದು ಸಮೃದ್ಧವಾಗಿದೆ. ಅಮೈನೋ ಆಮ್ಲಗಳೆಂಬ ಸಣ್ಣ ಅಣುಗಳು ಮಣಿಗಳಂತೆ ಸಾಲಾಗಿ ಪೋಣಿಸಿಕೊಂಡು ಆದ ಸರವೇ ಪ್ರೋಟೀನು. ಆ ಸರವು ನಿಯತವಾದ ರೀತಿಯಲ್ಲಿ ಮಡಿಸಿಕೊಂಡಾಗ ಅದಕ್ಕೆ ಆಕಾರವೂ ಕೆಲಸಮಾಡುವ ಶಕ್ತಿಯೂ ಬರುತ್ತವೆ. ತಿಂದ ಬೇಳೆಯ ಪ್ರೋಟೀನು ಜಠರದಲ್ಲಿಯೂ ಕರುಳಿನಲ್ಲಿಯೂ ಬಿಡಿ ಮಣಿಗಳಾಗಿ ಒಡೆಯುತ್ತದೆ. ದೇಹವು ಆ ಮಣಿಗಳಿಂದ ತನಗೆ ಬೇಕಾದ ಸರಗಳನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಬೇಳೆ ತಿಂದರೆ ಮಿದುಳಿನಲ್ಲಿ ಅಮಿಲಾಯಿಡ್ ಬೆಳೆದೀತೆಂದು ಹೆದರಬೇಕಾದುದಿಲ್ಲ. ಇಲ್ಲಿ ಪ್ರಸ್ತಾಪಿಸುತ್ತಿರುವ ಪ್ರೋಟೀನನ್ನು ನರಕೋಶವು ತಾನೇ ತಯಾರಿಸುತ್ತದೆ.

ಚಕ್ಕೆಯ ಮುಖ್ಯ ಪದಾರ್ಥ ಯಾವುದೆಂಬುದು 1984ರಲ್ಲಿ ಬಯಲಾಯಿತು. ಅಮೆರಿಕದ ಗ್ಲೆನ್ನರ್ ಮತ್ತು ವಾಂಗ್ ಎಂಬವರು ರೋಗಿಗಳ ಮಿದುಳಿನ ಹೊದಿಕೆಯ ರಕ್ತನಾಳಗಳಿಂದ ಒಂದು ಚಿಕ್ಕ ಪ್ರೋಟೀನನ್ನು ಬೇರ್ಪಡಿಸಿದರು. ಅದಕ್ಕೆ ಈಗ ಅಮಿಲಾಯಿಡ್ ಬೀಟಾ ಎಂದು ಹೆಸರು. ಅದರ ಸರದಲ್ಲಿ ಇರುವುದು ನಲವತ್ತರ ಸುಮಾರು ಮಣಿಗಳು ಮಾತ್ರ. ಇದು ಸ್ವತಂತ್ರವಾದ ಪ್ರೋಟೀನಲ್ಲ, ಏಳುನೂರು ಮಣಿಗಳಷ್ಟು ಉದ್ದವಾದ ಬೇರೊಂದು ಪ್ರೋಟೀನಿನ ತುಣುಕು ಎಂದು 1987ರಲ್ಲಿ ತಿಳಿಯಿತು.

ಈ ತುಣುಕು ಹುಟ್ಟುವ ಬಗೆ ಹೀಗಿದೆ. ತಾಯಿ ಪ್ರೋಟೀನು ನರಕೋಶದ ಪೊರೆಯನ್ನು ತೂರಿಕೊಂಡು ಸ್ವಲ್ಪ ಭಾಗ ಒಳಗೆ, ಬಹುಭಾಗ ಹೊರಗೆ ಎಂಬಂತೆ ನಿಂತಿರುತ್ತದೆ. ಕತ್ತರಿಯಂತೆ ಕೆಲಸಮಾಡುವ ಕಿಣ್ವಗಳು ಅದನ್ನು ತುಂಡರಿಸುತ್ತವೆ. ಆಲ್ಫಾ ಎಂಬ ಕತ್ತರಿ ಮೊದಲು ತಗುಲಿದರೆ ಅಪಾಯವಿಲ್ಲ. ಅದು ಮುಂದೆ ತುಣುಕಾಗಬೇಕಾದ ಭಾಗವನ್ನೇ ನಡುವೆ ಕತ್ತರಿಸಿಬಿಡುತ್ತದೆ. ಬೀಟಾ ಎಂಬ ಕತ್ತರಿ ಒಂದು ಕಡೆ, ಗಾಮಾ ಎಂಬ ಕತ್ತರಿ ಇನ್ನೊಂದು ಕಡೆ ಕತ್ತರಿಸಿದರೆ ನಡುವಿನ ತುಣುಕು ಇಡಿಯಾಗಿ ಕಳಚಿಕೊಳ್ಳುತ್ತದೆ. ಗಾಮಾ ಕತ್ತರಿಗೆ ಕರಾರುವಾಕ್ಕಾದ ಅಳತೆಯಿಲ್ಲ. ಬಹುಮಟ್ಟಿಗೆ 40 ಮಣಿಗಳ ತುಣುಕು, ಆಗಾಗ 42 ಮಣಿಗಳ ತುಣುಕು ಹೊರಬೀಳುತ್ತದೆ. ಎರಡೇ ಮಣಿಗಳ ವ್ಯತ್ಯಾಸ. ಆದರೆ 42ರದು ನೀರನ್ನು ಒಲ್ಲದು, ತನ್ನಂಥ ಇನ್ನೊಂದನ್ನು ಕಂಡರೆ ಬೇಗ ಅಂಟಿಕೊಳ್ಳುತ್ತದೆ.

ಈ ತುಣುಕು ರೋಗಿಗಳಲ್ಲಿ ಮಾತ್ರವಲ್ಲ, ಲೇಖನವನ್ನು ಓದುತ್ತಿರುವ ನಮ್ಮ ವಾಚಕರ ಮಿದುಳಿನಲ್ಲಿಯೂ ಈ ಕ್ಷಣದಲ್ಲಿ ಹುಟ್ಟುತ್ತಿದೆ. ಹುಟ್ಟಿದಷ್ಟೂ ಹೊರಗೆ ಸಾಗಿಹೋಗುವುದರಿಂದ ತೊಂದರೆಯಾಗದು. ಹೀಗೆ ಹುಟ್ಟಿದ ತುಣುಕುಗಳಲ್ಲಿ ಅರ್ಧದಷ್ಟು ತೊಲಗಲು ಮೂವತ್ತರ ವಯಸ್ಸಿನವರಲ್ಲಿ ಸುಮಾರು 4 ಗಂಟೆ ಸಾಕು. ಎಂಬತ್ತು ದಾಟಿದವರಲ್ಲಿ 9 ಗಂಟೆಗೂ ಹೆಚ್ಚು ಬೇಕಾಗುತ್ತದೆಂದು ಅಮೆರಿಕದಲ್ಲಿ ಅಳೆದು ನೋಡಿದ್ದಾರೆ. ಮುಪ್ಪು ರೋಗವಲ್ಲವಾದರೂ ರೋಗಕ್ಕೆ ಬಾಗಿಲು ತೆರೆಯುವುದು ಇಲ್ಲಿ ಎಂದು ತೋರುತ್ತದೆ. ಈ ತಾಯಿ ಪ್ರೋಟೀನಿನ ಜೀನು 21ನೆಯ ವರ್ಣತಂತುವಿನಲ್ಲಿದೆ. ಡೌನ್ ಲಕ್ಷಣದೊಡನೆ ಹುಟ್ಟಿದವರಲ್ಲಿ ಈ ವರ್ಣತಂತು ಎರಡರ ಬದಲು ಮೂರಿರುವುದರಿಂದ, ನಲವತ್ತರ ಹರೆಯದಲ್ಲಿಯೇ ಅವರ ಮಿದುಳಿನಲ್ಲಿ ಚಕ್ಕೆಗಳು ಕಾಣಿಸಿಕೊಳ್ಳುತ್ತವೆ. ಸ್ವೀಡನ್ನಿನ ಒಂದು ಕುಲದಲ್ಲಿ ಬೀಟಾ ಕತ್ತರಿ ತಗಲುವ ಸ್ಥಳದಲ್ಲಿಯೇ ಎರಡು ಮಣಿಗಳು ಬದಲಾಗಿದ್ದು, ಅಲ್ಲಿ ರೋಗವು ಮುಪ್ಪಿಗೆ ಮುಂಚೆಯೇ ಬರುತ್ತಿದ್ದುದನ್ನು 1992ರಲ್ಲಿ ವರದಿ ಮಾಡಿದರು. ಈ ಸ್ವೀಡನ್ನಿನ ಬದಲಾವಣೆಯನ್ನು ನೆನಪಿನಲ್ಲಿಡಬೇಕು. ಮುಂದೆ ಅದು ಬೆಂಗಳೂರಿಗೆ ಬರಲಿದೆ.

ಇಷ್ಟೆಲ್ಲ ಸಾಕ್ಷ್ಯ ದೊರೆತ ಮೇಲೆ 'ಚಕ್ಕೆ ಬೆಳೆಯುತ್ತದೆ, ಕೋಶ ಸಾಯುತ್ತದೆ, ನೆನಪು ಅಳಿಯುತ್ತದೆ' ಎಂದು ತೀರ್ಮಾನಿಸುವುದು ಸುಲಭ. ಬಹು ಕಾಲ ಬಹು ಮಂದಿ ಹಾಗೆಯೇ ಭಾವಿಸಿದ್ದರು. ಆದರೆ ಈ ಸರಳ ತೀರ್ಮಾನಕ್ಕೆ ಹೊಂದದ ಸಂಗತಿಯೊಂದಿತ್ತು. ಕೊನೆಯುಸಿರಿನ ತನಕ ಬುದ್ಧಿ ಚುರುಕಾಗಿದ್ದ ಕೆಲವು ವೃದ್ಧರ ಮಿದುಳನ್ನು ಮರಣಾನಂತರ ಪರೀಕ್ಷಿಸಿದರೆ ಚಕ್ಕೆಗಳು ಯಥೇಚ್ಛವಾಗಿದ್ದುವು. ಮತ್ತೆ ಕೆಲವು ರೋಗಿಗಳಲ್ಲಿ ಚಕ್ಕೆ ಅಲ್ಪವಾಗಿದ್ದರೂ ಮರೆವು ಘೋರವಾಗಿದ್ದಿತು. ನೆನಪಿನ ನಷ್ಟಕ್ಕೂ ಚಕ್ಕೆಗಳ ಸಂಖ್ಯೆಗೂ ತಾಳೆ ಬೀಳಲಿಲ್ಲ. ಯಾವುದಕ್ಕೆ ಚೆನ್ನಾಗಿ ತಾಳೆ ಬಿದ್ದಿತೆಂದರೆ, ನರಕೋಶಗಳು ಒಂದನ್ನೊಂದು ಸಂಧಿಸುವ ಸ್ಥಳಗಳ ನಷ್ಟಕ್ಕೆ.

ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದೂ ಸಾವಿರಾರು ಕೋಶಗಳೊಡನೆ ವ್ಯವಹರಿಸುತ್ತದೆ. ಆದರೆ ಅವು ಕೂಡಿಕೊಂಡಿಲ್ಲ. ನಡುವೆ ಅತಿ ಕಿರಿದಾದ ಸಂದು ಇರುತ್ತದೆ. ಈ ಸ್ಥಳಕ್ಕೆ ಸಿನಾಪ್ಸ್, ಅಂದರೆ ನರಸಂಧಿ ಎಂದು ಹೆಸರು. ಸುದ್ದಿ ಕೊಡುವ ಕೋಶವು ಸಂದಿನೊಳಕ್ಕೆ ರಾಸಾಯನಿಕವೊಂದನ್ನು ಚಿಮ್ಮುತ್ತದೆ. ಸುದ್ದಿಯನ್ನು ಪಡೆಯುವ ಕೋಶದ ಕೊಂಬೆಯ ಮೇಲೆ ಅದಕ್ಕಾಗಿಯೇ ಒಂದು ಸಣ್ಣ ಉಬ್ಬು ಇರುತ್ತದೆ. ವಿಜ್ಞಾನಿಗಳು ಈ ಉಬ್ಬುಗಳನ್ನು ಮುಳ್ಳುಗಳೆನ್ನುತ್ತಾರೆ. ಸಣ್ಣ ಕುತ್ತಿಗೆ, ದಪ್ಪ ತಲೆಯ ಇವಕ್ಕೆ ಆ ಹೆಸರು ಹೇಗೆ ಒಪ್ಪುತ್ತದೆಯೋ ತಿಳಿಯದು. ನಾವಂತೂ ಮೊಗ್ಗು ಎನ್ನುತ್ತೇವೆ. ಮೊಗ್ಗಿನ ಉದ್ದ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಸುಮಾರು. ಹೊಸದನ್ನು ಕಲಿತಾಗ ಕೆಲವು ಮೊಗ್ಗುಗಳು ದಪ್ಪವಾಗುತ್ತವೆ, ಕೆಲವು ಹೊಸದಾಗಿ ಹುಟ್ಟುತ್ತವೆ. ನೆನಪು ನಿಲ್ಲುವುದು ಇವುಗಳ ಬಲದಿಂದ.

ಈ ಮೊಗ್ಗು ನೆಟ್ಟಗೆ ನಿಲ್ಲಲು ಒಳಗೆ ಆಧಾರ ಬೇಕಷ್ಟೆ. ಮದುವೆಯ ಮನೆಯ ಮುಂದೆ ಹಂದರ ಹಾಕುವಾಗ ಮೊದಲು ಗಳುಗಳನ್ನು ನಿಲ್ಲಿಸುವಂತೆ, ಮೊಗ್ಗಿನೊಳಗೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ನಿಂತಿರುತ್ತವೆ. ಆಕ್ಟಿನ್ನಿಗೆ ಎರಡು ರೂಪ. ಬಿಡಿಯಾಗಿದ್ದಾಗ ಗುಂಡು, ಗುಂಡುಗಳು ಒಂದಕ್ಕೊಂದು ಜೋಡಿಸಿಕೊಂಡರೆ ಎಳೆ. ಎಳೆಯ ತುದಿಯಲ್ಲಿ ಗುಂಡುಗಳು ಸದಾ ಸೇರುತ್ತಲೂ ಕಳಚುತ್ತಲೂ ಇರುವುದರಿಂದ, ಹಂದರದ ಹೋಲಿಕೆ ಇಲ್ಲಿಗೆ ಸಾಕಾಗುತ್ತದೆ. ತಾನೇ ಬೆಳೆದು ತಾನೇ ಕುಗ್ಗುವ ಗಳುವನ್ನು ಯಾರೂ ಕಂಡಿಲ್ಲ. ಸೇರುವುದೂ ಕಳಚುವುದೂ ಸಮತೂಕದಲ್ಲಿರುವ ತನಕ ಮೊಗ್ಗು ಕ್ಷೇಮ.

ಹಾಗಾದರೆ ಈ ಸಂಧಿಯನ್ನು ಕೆಡಿಸುವುದು ಯಾವುದು? 1998ರ ಸುಮಾರಿನಿಂದ ಸಂಶಯವು ಗಟ್ಟಿಯಾದ ಚಕ್ಕೆಯನ್ನು ಬಿಟ್ಟು, ಅದಕ್ಕೆ ಮುಂಚಿನ ಅವಸ್ಥೆಯ ಕಡೆಗೆ ತಿರುಗಿತು. ಎರಡು, ನಾಲ್ಕು, ಹತ್ತು ತುಣುಕುಗಳು ಅಂಟಿಕೊಂಡು ಇನ್ನೂ ನೀರಿನಲ್ಲಿ ಕರಗಿಯೇ ಇರುವ ಸಣ್ಣ ಗುಂಪುಗಳಿವೆ. ಅವು ಕಣ್ಣಿಗೆ ಬೀಳವು, ಬಣ್ಣಕ್ಕೆ ಸಿಕ್ಕವು. ಆದರೆ ಚಲಿಸಬಲ್ಲವು, ಸಂದುಗಳಿಗೆ ನುಗ್ಗಬಲ್ಲವು. 2008ರಲ್ಲಿ ಅಮೆರಿಕದ ಸೆಲ್ಕೋ ಮತ್ತು ಅವರ ಸಂಗಡಿಗರು, ತೀರಿಹೋದ ರೋಗಿಗಳ ಮಿದುಳಿನಿಂದ ತೆಗೆದ ಜೋಡಿ ತುಣುಕುಗಳನ್ನು ಇಲಿಯ ಮಿದುಳಿನ ಹೋಳುಗಳಿಗೆ ಸೋಕಿಸಿದಾಗ ನರಸಂಧಿಗಳ ಕಲಿಯುವ ಶಕ್ತಿ ಕುಂದಿತು. ಗಟ್ಟಿ ಚಕ್ಕೆಯನ್ನು ಸೋಕಿಸಿದರೆ ಹಾಗಾಗಲಿಲ್ಲ. ಅದನ್ನು ಕರಗಿಸಿ ತುಣುಕುಗಳನ್ನು ಬಿಡಿಸಿದ ಮೇಲೆ ಆಯಿತು. ಚಕ್ಕೆಯು ಒಂದು ಬಗೆಯಲ್ಲಿ ಕೆಟ್ಟ ಪದಾರ್ಥವನ್ನು ಕೂಡಿಹಾಕಿದ ಉಗ್ರಾಣ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜಯಲಕ್ಷ್ಮೀ ರವೀಂದ್ರನಾಥ್ ಅವರ ಪ್ರಯೋಗಶಾಲೆ ಕೈಹಾಕಿದುದು ಇದರ ಮುಂದಿನ ಪ್ರಶ್ನೆಗೆ: ತುಣುಕುಗಳ ಪೆಟ್ಟು ಬೀಳುವುದು ಸಂಧಿಯ ಯಾವ ಭಾಗಕ್ಕೆ, ಮತ್ತು ಯಾವಾಗ? ರೆಡ್ಡಿ ಪೀರ ಕೊಮ್ಮದ್ದಿ, ದೀಪಕ್ ನಾಯರ್ ಮೊದಲಾದವರು ಅವರೊಡನೆ ದುಡಿದು 2018ರಲ್ಲಿ ಪ್ರಕಟಿಸಿದ ಫಲಿತಾಂಶವನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ.

ಅವರು ಬಳಸಿದ ಇಲಿಗಳ ಜೀನುಗಳಲ್ಲಿ, ಹಿಂದೆ ಹೇಳಿದ ಸ್ವೀಡನ್ನಿನ ಬದಲಾವಣೆಯೂ ಗಾಮಾ ಕತ್ತರಿಗೆ ಸಂಬಂಧಿಸಿದ ಇನ್ನೊಂದು ಬದಲಾವಣೆಯೂ ಸೇರಿದ್ದುವು. ಇಂಥ ಇಲಿಗಳಲ್ಲಿ ತುಣುಕುಗಳು ವಿಪುಲವಾಗಿ ಹುಟ್ಟುತ್ತವೆ. ಚಕ್ಕೆಗಳು ಕಾಣಿಸಿಕೊಳ್ಳಲು ಮಾತ್ರ ಹಲವು ತಿಂಗಳುಗಳು ಬೇಕು. ಬೆಂಗಳೂರಿನವರು ಒಂದು ತಿಂಗಳ ಮರಿಗಳ ನರಸಂಧಿಗಳನ್ನು ಪರೀಕ್ಷಿಸಿದರು. ಚಕ್ಕೆಯಿಲ್ಲ, ಕೋಶಗಳು ಸತ್ತಿಲ್ಲ. ಆದರೆ ಆಕ್ಟಿನ್ನಿನ ಎಳೆಗಳು ಆಗಲೇ ಕಡಮೆಯಾಗಿದ್ದುವು, ಬಿಡಿ ಗುಂಡುಗಳು ಹೆಚ್ಚಾಗಿದ್ದುವು. ಹಂದರವಿನ್ನೂ ಬಿದ್ದಿರಲಿಲ್ಲ, ಒಳಗೆ ಗಳುಗಳು ಕಳಚತೊಡಗಿದ್ದುವು. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ನಿಲುಕದ ಅಂತರಗಳನ್ನು ತೋರಿಸಬಲ್ಲ ವಿಶೇಷ ಸೂಕ್ಷ್ಮದರ್ಶಕದಿಂದ ನೋಡಿದಾಗ, ಆರೋಗ್ಯವಂತ ಮೊಗ್ಗಿನಲ್ಲಿ ಹೊರಮುಖವಾಗಿ ಚಾಚಿಕೊಂಡಿರುವ ಎಳೆಗಳ ಕಟ್ಟು ಈ ಇಲಿಗಳಲ್ಲಿ ಮುರಿದಿರುವುದು ಕಂಡಿತು.

ಇದರಿಂದ ನೆನಪು ಕೆಡುತ್ತದೆಯೆ? ಇಲಿಯನ್ನು ಒಂದು ಪೆಟ್ಟಿಗೆಯಲ್ಲಿ ಬಿಟ್ಟು ಕಾಲಿಗೆ ಸಣ್ಣ ವಿದ್ಯುತ್ತಿನ ಆಘಾತ ಕೊಡುತ್ತಾರೆ. ತರುವಾಯ ಅದೇ ಪೆಟ್ಟಿಗೆಯಲ್ಲಿ ಬಿಟ್ಟರೆ, ನೆನಪಿರುವ ಇಲಿ ಹೆದರಿ ಕಲ್ಲಿನಂತೆ ನಿಂತುಬಿಡುತ್ತದೆ; ಮರೆತ ಇಲಿ ನಿಶ್ಚಿಂತೆಯಿಂದ ಓಡಾಡುತ್ತದೆ. ಎರಡು ತಿಂಗಳ ಗಂಡಿಲಿಗಳಲ್ಲಿಯೇ ಈ ನೆನಪು ಕುಂದಿದ್ದಿತು. ಆದರೆ ಎರಡು ಸಂಗತಿಗಳು ಜೊತೆಯಲ್ಲಿ ಕಂಡ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗುವುದಿಲ್ಲ ಎಂಬುದು ವಿಜ್ಞಾನದ ವಿದ್ಯಾರ್ಥಿಗೆ ತಿಳಿದಿರಬೇಕು. ಅದಕ್ಕಾಗಿ ಅವರು ಎರಡು ಔಷಧಿಗಳನ್ನು ತೆಗೆದುಕೊಂಡರು. ಎರಡೂ ಮೊದಲು ದೊರೆತುದು ಸಮುದ್ರದ ಸ್ಪಂಜುಗಳಲ್ಲಿ, ಗುಣ ಮಾತ್ರ ವಿರುದ್ಧ. ಜಾಸ್ಪ್ಲಾಕಿನೊಲೈಡ್ ಆಕ್ಟಿನ್ ಎಳೆಗಳನ್ನು ಬಿಗಿಯಾಗಿ ಹಿಡಿದಿಡುತ್ತದೆ. ಲ್ಯಾಟ್ರುಂಕ್ಯುಲಿನ್ ಅವನ್ನು ಕಳಚಿಹಾಕುತ್ತದೆ. ಮೊದಲನೆಯದನ್ನು ಕೊಟ್ಟಾಗ ರೋಗದ ಇಲಿಗಳ ನೆನಪು ಮರಳಿತು. ಎರಡನೆಯದನ್ನು ಕೊಟ್ಟಾಗ ಯಾವ ರೋಗವೂ ಇಲ್ಲದ ಇಲಿಗಳು ಮರೆತವು. ಎಳೆ ಕಳಚುವುದು ಮರೆವಿನ ಪರಿಣಾಮವಲ್ಲ, ಅದರ ಕಾರಣಗಳಲ್ಲಿ ಒಂದು ಎಂದು ಇದರಿಂದ ಸಿದ್ಧವಾಯಿತು. ಪ್ರಯೋಗದ ಈ ಸೊಗಸು ನಮಗೆ ಬಹಳ ಮೆಚ್ಚಿಗೆಯಾಯಿತು.

ಇಲಿ ಮನುಷ್ಯನಲ್ಲ ಎಂಬ ಆಕ್ಷೇಪ ಸಹಜವಾಗಿ ಏಳುತ್ತದೆ. ಅದನ್ನು ಊಹಿಸಿಯೇ ಅವರು ಅಮೆರಿಕದ ದಾನಿಗಳಿಂದ ಮರಣಾನಂತರ ದೊರೆತ ಮಿದುಳುಗಳನ್ನೂ ಪರೀಕ್ಷಿಸಿದ್ದರು. ಬುದ್ಧಿ ಸರಿಯಾಗಿದ್ದವರಿಗಿಂತ, ಮರೆವು ಆಗತಾನೆ ತೊಡಗಿದ್ದವರಲ್ಲಿಯೂ ರೋಗ ಬಲಿತಿದ್ದವರಲ್ಲಿಯೂ ಸಂಧಿಯ ಆಕ್ಟಿನ್ ಎಳೆಗಳು ಕಡಮೆಯಾಗಿದ್ದುವು. ಬದುಕಿದ್ದಾಗ ನೆನಪಿನ ಪರೀಕ್ಷೆಗಳಲ್ಲಿ ಯಾರು ಹೆಚ್ಚು ಅಂಕ ಪಡೆದಿದ್ದರೋ ಅವರಲ್ಲಿ ಎಳೆಗಳೂ ಹೆಚ್ಚು. ಇಂಥ ಅಭ್ಯಾಸಕ್ಕೆ ಮಿದುಳನ್ನು ದಾನಮಾಡುವವರು ಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಿಂದ ಮಿದುಳಿನ ಸಂಗ್ರಹಾಲಯವಿರುವುದು ನಮ್ಮಲ್ಲಿ ಎಷ್ಟೋ ಮಂದಿಗೆ ತಿಳಿಯದು.

ಹೊರಗಿರುವ ತುಣುಕು ಒಳಗಿನ ಗಳುವನ್ನು ಹೇಗೆ ಕಳಚೀತು? ಇದಕ್ಕೆ ಹಲವು ದಾರಿಗಳಿವೆ. ಸಣ್ಣ ಗುಂಪುಗಳು ಮೊಗ್ಗಿನ ಮೇಲ್ಮೈಗೆ ಅಂಟಿ ಕ್ಯಾಲ್ಸಿಯಮ್ಮಿನ ಒಳಹರಿವನ್ನು ಕೆಡಿಸುತ್ತವೆ. ಆಗ ಆಕ್ಟಿನ್ ಎಳೆಯನ್ನು ತುಂಡರಿಸುವ ಪ್ರೋಟೀನುಗಳು ಮಿತಿಮೀರಿ ಎಚ್ಚರಗೊಳ್ಳುತ್ತವೆ. ಇನ್ನೊಂದು ದಾರಿಯನ್ನು ಬೆಂಗಳೂರಿನ ಅದೇ ತಂಡ 2019ರಲ್ಲಿ ತೋರಿಸಿತು. ತುಣುಕುಗಳ ಪ್ರಭಾವದಿಂದ ಆಕ್ಸಿಜನ್ನಿನ ಉಗ್ರರೂಪಗಳು ಹುಟ್ಟಿ ಆಕ್ಟಿನ್ನನ್ನು ಉತ್ಕರ್ಷಿಸುತ್ತವೆ. ತುಕ್ಕು ಹಿಡಿದ ಕೀಲಿನಂತೆ ಗುಂಡುಗಳ ಜೋಡಣೆ ಸಡಿಲುತ್ತದೆ. ಈ ಹಾನಿಯನ್ನು ಸರಿಪಡಿಸುವ ಗ್ಲೂಟರೆಡಾಕ್ಸಿನ್ ಎಂಬ ಕಿಣ್ವವನ್ನು ಹೆಚ್ಚಿಸಿದಾಗ ಇಲಿಗಳ ನೆನಪು ಸುಧಾರಿಸಿತು.

ಈಗ ಅಜ್ಜನ ಒಗಟು ಬಿಡಿಸಿಕೊಳ್ಳುತ್ತದೆ. ಹೊಸ ನೆನಪುಗಳನ್ನು ಕಟ್ಟುವುದು ಮಿದುಳಿನ ಒಳಪಾರ್ಶ್ವದ ಹಿಪೊಕ್ಯಾಂಪಸ್ ಮತ್ತು ಅದರ ನೆರೆಯ ಭಾಗಗಳು. ಆಲ್ಜೈಮರ್ ರೋಗದಲ್ಲಿ ಮೊದಲು ಕೆಡುವ ಪ್ರದೇಶಗಳಲ್ಲಿ ಇವು ಸೇರಿವೆ. ಇವತ್ತಿನ ರೊಟ್ಟಿಯ ನೆನಪು ಅಲ್ಲಿ ಕಟ್ಟಿಕೊಳ್ಳುವುದೇ ಇಲ್ಲ. 1948ರ ನೆನಪಾದರೋ ವರ್ಷಗಳಲ್ಲಿ ಮತ್ತೆ ಮತ್ತೆ ಹೇಳಿಕೊಂಡು ಮಿದುಳಿನ ಹೊರಪದರದಲ್ಲಿ ವಿಶಾಲವಾಗಿ ಬೇರೂರಿದೆ. ರೋಗ ಅಲ್ಲಿಗೆ ತಡವಾಗಿ ತಲಪುತ್ತದೆ. ಅಜ್ಜ ಸುಳ್ಳಾಡುತ್ತಿಲ್ಲ. ಅವನ ಮಟ್ಟಿಗೆ ಆ ಊಟ ನಡೆದೇ ಇಲ್ಲ.

ಔಷಧಿಯ ಮಾತಿಗೆ ಬರೋಣ. ಜಾಸ್ಪ್ಲಾಕಿನೊಲೈಡನ್ನು ಅಜ್ಜನಿಗೆ ಕೊಡಬಾರದೆ ಎಂದು ಕೇಳಬಹುದು. ಕೊಡಲಾಗದು. ಆಕ್ಟಿನ್ ಸ್ನಾಯುಗಳಲ್ಲಿಯೂ ದೇಹದ ಇತರ ಕೋಶಗಳಲ್ಲಿಯೂ ಇರುವುದರಿಂದ ಅದು ವಿಷವಾಗುತ್ತದೆ; ಪ್ರಯೋಗಶಾಲೆಯಲ್ಲಿ ಪ್ರಶ್ನೆ ಕೇಳಲು ಮಾತ್ರ ಅದು ಸಾಧನ. ತುಣುಕುಗಳಿಗೆ ಅಂಟಿ ಅವನ್ನು ತೊಲಗಿಸುವ ಪ್ರತಿಕಾಯಗಳು ಔಷಧಿಗಳಾಗಿ ಬಂದಿವೆ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಪಡೆದ ಲೆಕಾನೆಮ್ಯಾಬ್ ಒಂದು, 2024ರ ಡೊನಾನೆಮ್ಯಾಬ್ ಇನ್ನೊಂದು. ಲೆಕಾನೆಮ್ಯಾಬನ್ನು 1,795 ಮಂದಿಯಲ್ಲಿ 18 ತಿಂಗಳು ಪರೀಕ್ಷಿಸಿದಾಗ ಬುದ್ಧಿಯ ಇಳಿತ ನೂರಕ್ಕೆ 27ರಷ್ಟು ನಿಧಾನವಾಯಿತು. ನಿಲ್ಲಲಿಲ್ಲ, ಹಿಂದಕ್ಕೂ ಬರಲಿಲ್ಲ. ಔಷಧಿ ಪಡೆದವರಲ್ಲಿ ನೂರಕ್ಕೆ 12ಕ್ಕೂ ಹೆಚ್ಚು ಮಂದಿಗೆ ಮಿದುಳಿನಲ್ಲಿ ಬಾವು ಕಂಡುಬಂದಿತು. ಪತ್ರಿಕೆಗಳ ಶಿರೋನಾಮೆಗಳಲ್ಲಿ ಕಂಡಷ್ಟು ದೊಡ್ಡ ಜಯ ಇದಲ್ಲವೆಂಬುದೇ ನಮ್ಮ ಅಭಿಪ್ರಾಯ. ಆದರೂ ತುಣುಕನ್ನು ತೊಲಗಿಸಿದರೆ ರೋಗದ ನಡಿಗೆ ಬದಲಾಗುತ್ತದೆಂಬುದಕ್ಕೆ ಮನುಷ್ಯನಲ್ಲಿ ದೊರೆತ ಬೆಲೆಯುಳ್ಳ ಪ್ರಮಾಣವಿದು. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿ ಟಿ. ಗೋವಿಂದರಾಜು ಅವರ ತಂಡವು, ತುಣುಕುಗಳು ಗುಂಪುಗೂಡುವುದನ್ನು ತಡೆಯುವ ಟಿಜಿಆರ್63 ಎಂಬ ಸಣ್ಣ ಅಣುವನ್ನು ನಿರ್ಮಿಸಿ, ಇಲಿಗಳಲ್ಲಿ ದೊರೆತ ಒಳ್ಳೆಯ ಫಲವನ್ನು ವರದಿಮಾಡಿದೆ.

ಎಳೆಗಳು ಕಳಚಿ ಮೊಗ್ಗು ಇನ್ನೂ ಉಳಿದಿರುವಾಗ ಸರಿಪಡಿಸುವುದು ಸಾಧ್ಯ; ಕೋಶವೇ ಸತ್ತ ಮೇಲೆ ಸರಿಪಡಿಸಲು ಉಳಿಯುವುದೇನು? ಆದುದರಿಂದಲೇ ಬೇಗ ಗುರುತಿಸುವುದು ಮುಖ್ಯವಾಗಿದೆ. ಇನ್ನೊಂದು ಕಾರಣವೂ ಉಂಟು. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಮಂದಗತಿ, ಮನಸ್ಸಿನ ಖಿನ್ನತೆ, ಬಿದ್ದ ಪೆಟ್ಟಿನಿಂದ ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ — ಇವುಗಳಿಂದಲೂ ಮರೆವು ಬರುತ್ತದೆ, ಇವಕ್ಕೆ ಚಿಕಿತ್ಸೆಯಿದೆ. ಎಲ್ಲವನ್ನೂ ಅರಳು ಮರಳೆಂದು ಮೂಲೆಗೆ ಕೂರಿಸಿದರೆ ಗುಣವಾಗಬಹುದಾದವರೂ ಗುಣವಾಗದೆ ಹೋಗುತ್ತಾರೆ. ಕಿವಿ ಮಂದವಾಗುವುದು, ರಕ್ತದ ಒತ್ತಡ, ಸಿಹಿಮೂತ್ರ, ಬಾಲ್ಯದಲ್ಲಿ ವಿದ್ಯೆ ಇಲ್ಲದಿರುವುದು — ಇವೆಲ್ಲ ಡಿಮೆನ್ಷಿಯದ ಸಂಭವವನ್ನು ಹೆಚ್ಚಿಸುತ್ತವೆಂದು ಬಲವಾದ ಆಧಾರಗಳಿವೆ. ಕಡೆಯದು ಬೀದರಿನಂಥ ಜಿಲ್ಲೆಯ ಹಿರಿಯ ಪೀಳಿಗೆಗೆ ವಿಶೇಷವಾಗಿ ತಟ್ಟುತ್ತದೆ. ಉರ್ದು ಆಡಳಿತ ಭಾಷೆಯಾಗಿದ್ದ ನಿಜಾಮರ ರಾಜ್ಯದಲ್ಲಿ, ಹಳ್ಳಿಯ ಕನ್ನಡ ಮಕ್ಕಳಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರು ಕೆಲವರೇ.

ನಿಮ್ಹಾನ್ಸ್ ಮತ್ತು ಕರ್ನಾಟಕ ಸರ್ಕಾರ ಕೂಡಿ 2022ರಲ್ಲಿ ಆರಂಭಿಸಿದ ಮಿದುಳಿನ ಆರೋಗ್ಯದ ಕಾರ್ಯಕ್ರಮವು ಮೊದಲು ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಕಡೆ ನಡೆದು, ತರುವಾಯ ಇತರ ಜಿಲ್ಲೆಗಳಿಗೂ ಹರಡಿದೆ. ಮಿದುಳಿನ ಕಾಯಿಲೆಗಳನ್ನು ಜಿಲ್ಲಾ ಆಸ್ಪತ್ರೆಯಲ್ಲಿಯೇ ಗುರುತಿಸುವುದು ಅದರ ಉದ್ದೇಶ. ರಕ್ತದಲ್ಲಿನ ಟೌ ಮತ್ತು ಅಮಿಲಾಯಿಡ್ ತುಣುಕುಗಳನ್ನು ಅಳೆದು ರೋಗದ ಸುಳಿವು ಹಿಡಿಯುವ ಪರೀಕ್ಷೆಯೊಂದಕ್ಕೆ 2025ರ ಮೇ ತಿಂಗಳಿನಲ್ಲಿ ಅಮೆರಿಕದ ಒಪ್ಪಿಗೆ ದೊರೆಯಿತು. ಆದರೆ ಅಲ್ಲಿನ ಅಳತೆಗಳು ಇಲ್ಲಿನ ಜನರಿಗೆ ಹಾಗೆಯೇ ಹೊಂದುತ್ತವೆಯೆಂದು ಮುಂಗಡವಾಗಿ ಹೇಳುವಂತಿಲ್ಲ. ಆಹಾರ ಬೇರೆ, ವಿದ್ಯೆ ಬೇರೆ, ಜೀನುಗಳ ಹಂಚಿಕೆ ಬೇರೆ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸುತ್ತಣ ಹಳ್ಳಿಗಳಲ್ಲಿ 45 ವರ್ಷ ಮೇಲ್ಪಟ್ಟ 10,000 ಜನರನ್ನು ಗುರಿಯಾಗಿಟ್ಟುಕೊಂಡು, ಅವರ ನೆನಪು, ರಕ್ತ, ಮಿದುಳಿನ ಚಿತ್ರ ಮೊದಲಾದುವನ್ನು ವರ್ಷಾನುವರ್ಷ ಪರೀಕ್ಷಿಸುತ್ತ ಬಂದಿದೆ. ಅವರಲ್ಲಿ ಹೆಚ್ಚಿನವರು ಇಂದು ಆರೋಗ್ಯವಾಗಿದ್ದಾರೆ. ಮುಂದೆ ಯಾರಿಗೆ ಮರೆವು ಬರುತ್ತದೋ ಅವರ ಹಿಂದಿನ ವರ್ಷಗಳ ರಕ್ತದಲ್ಲಿ ಏನಿದ್ದಿತೆಂಬುದನ್ನು ಆಗ ಹಿಂತಿರುಗಿ ನೋಡಬಹುದು.